ಹಾಕಿಯಲ್ಲಿ ‘ಅವನನ್ನ ಯಾಕೆ ಕೂರಿಸಿದ್ರು?’ ಕೋಚ್ ಲೆಕ್ಕ ಹೇಗಿರುತ್ತೆ, ಇಲ್ಲಿದೆ ವಿವರ

ಚಿಕ್ಕನಾಯಕನಹಳ್ಳಿ: ನಮ್ಮ ತಾಲ್ಲೂಕಿನಲ್ಲಿ ಹಾಕಿ ಆಡುವವರಿಗಿಂತ ನೋಡುವವರೇ ಜಾಸ್ತಿ. ಶಾಲಾ ಕ್ರೀಡಾಕೂಟ ಅಂದ್ರೆ ಇಲ್ಲಿ ಕಬಡ್ಡಿ, ಖೋ-ಖೋ, ವಾಲಿಬಾಲ್. ಆದರೆ ಒಲಿಂಪಿಕ್ಸ್ ಬಂದಾಗ ಕಥೆಯೇ ಬೇರೆ. ಟೀ ಅಂಗಡಿಯಿಂದ ಹಿಡಿದು ಕೊಬ್ಬರಿ ಮಂಡಿವರೆಗೆ ಎಲ್ಲರೂ ಕೋಚ್‌ಗಳೇ. ‘ಒಳ್ಳೆ ಫಾರ್ಮಲ್ಲಿ ಇದ್ದೋನನ್ನ ಯಾಕೆ ಆಚೆ ಕರೆದ್ರು?’, ‘ಗೋಲು ಹೊಡೆಯದ ಫಾರ್ವರ್ಡ್ ಐದು ಜನ ಯಾಕೆ?’, ‘ಕರ್ನಾಟಕದವ್ರು ಒಬ್ರೂ ಇಲ್ವಲ್ಲ?’ ಅನ್ನೋ ಪ್ರಶ್ನೆಗಳು ಮ್ಯಾಚ್ ಮುಗಿದ ಮೇಲೂ ಮುಗಿಯೋದಿಲ್ಲ.

ಪ್ರಶ್ನೆ ಕೇಳೋದು ತಪ್ಪಲ್ಲ. ಆದರೆ ಹಾಕಿಯ ನಿಯಮ ಗೊತ್ತಿದ್ದರೆ ಸರಿಯಾದ ಪ್ರಶ್ನೆ ಕೇಳಬಹುದು. 2026ರ ಆಗಸ್ಟ್‌ನಲ್ಲಿ ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂನಲ್ಲಿ ವಿಶ್ವಕಪ್, ಅದರ ಬೆನ್ನಿಗೇ ಸೆಪ್ಟೆಂಬರ್‌ನಲ್ಲಿ ಜಪಾನ್‌ನಲ್ಲಿ ಏಷ್ಯನ್ ಗೇಮ್ಸ್ ವೇಳಾಪಟ್ಟಿಯಲ್ಲಿವೆ. ಹಾಗಾಗಿ ಈ ಚರ್ಚೆ ಮತ್ತೆ ಜೋರಾಗೋದು ಖಚಿತ.

ಹನ್ನೊಂದಲ್ಲ, ಹದಿನಾರರ ಆಟ

ಕ್ರಿಕೆಟ್ ನೋಡಿ ಬೆಳೆದವರಿಗೆ ‘ಪ್ಲೇಯಿಂಗ್ ಇಲೆವೆನ್’ ಅನ್ನೋದೇ ದೊಡ್ಡ ವಿಷಯ. ಅಲ್ಲಿ ಹನ್ನೊಂದರಲ್ಲಿ ಹೆಸರಿಲ್ಲದವನು ಆ ಮ್ಯಾಚ್ ಆಡಲಿಲ್ಲ ಅಂತಲೇ ಲೆಕ್ಕ. ಫುಟ್‌ಬಾಲ್‌ನಲ್ಲಿ ಆಚೆ ಬಂದವನು ಮತ್ತೆ ಒಳಗೆ ಹೋಗೋ ಹಾಗಿಲ್ಲ. ಹಾಕಿ ಇವೆರಡರ ಥರವೂ ಅಲ್ಲ.

ಹಾಕಿಯಲ್ಲಿ ಒಂದು ಸಲಕ್ಕೆ ಮೈದಾನದಲ್ಲಿ ಇರೋದು ಹನ್ನೊಂದೇ ಜನ. ಆದರೆ ಬದಲಾವಣೆಗೆ ಮಿತಿ ಇಲ್ಲ. ಆಟ ನಿಲ್ಲಿಸದೆ ಎಷ್ಟು ಸಲ ಬೇಕಾದರೂ ಆಟಗಾರರನ್ನು ಬದಲಿಸಬಹುದು, ಆಚೆ ಬಂದವನನ್ನು ಮತ್ತೆ ಒಳಗೆ ಕಳಿಸಬಹುದು. ಆಟ 15 ನಿಮಿಷದ ನಾಲ್ಕು ಕ್ವಾರ್ಟರ್, ಒಟ್ಟು 60 ನಿಮಿಷ. ಈಗಿನ ಹಾಕಿಯ ವೇಗಕ್ಕೆ ಫಾರ್ವರ್ಡ್ ಒಬ್ಬ ಪೂರ್ತಿ ಕ್ವಾರ್ಟರ್ ಒಂದೇ ಸಮ ಓಡೋದು ಕಷ್ಟ. ಹಾಗಾಗಿ ಸಾಮಾನ್ಯವಾಗಿ ಐದಾರು ನಿಮಿಷಕ್ಕೊಮ್ಮೆ ಅವನನ್ನು ಆಚೆ ಕರೆದು ದಣಿವಾರಿಸುತ್ತಾರೆ. ಡಿಫೆಂಡರ್‌ಗಳು ಹೆಚ್ಚು ಹೊತ್ತು ಒಳಗೇ ಇರುತ್ತಾರೆ.

ಅಂದರೆ ಟಿವಿಯಲ್ಲಿ ‘ಆಚೆ ಕರೆದ್ರು’ ಅಂತ ಕಾಣೋದು ಬಹುತೇಕ ಸಲ ಶಿಕ್ಷೆಯಲ್ಲ, ಸರದಿ ಅಷ್ಟೆ. ಅಡಕೆ ಸುಲಿಯೋ ಮನೆಯಲ್ಲಿ ಆಳು ಬದಲಾಯಿಸಿದ ಹಾಗೆ. ಆದರೆ ಆ ಸರದಿಯೊಳಗೂ ಲೆಕ್ಕ ಇರುತ್ತೆ. ಕೊನೆಯ ಐದು ನಿಮಿಷ ಯಾರು ಒಳಗಿರಬೇಕು ಅನ್ನೋದನ್ನು ನೋಡಿಕೊಂಡೇ ಮೊದಲ ಕ್ವಾರ್ಟರ್‌ನಲ್ಲಿ ಯಾರಿಗೆ ವಿಶ್ರಾಂತಿ ಅಂತ ತೀರ್ಮಾನ ಆಗಿರುತ್ತೆ.

ನಿಜವಾದ ಜಗಳ ಇರೋದು ಹದಿನಾರರ ಪಟ್ಟಿಯಲ್ಲಿ. ಬೇರೆ ದೊಡ್ಡ ಟೂರ್ನಿಗಳಿಗೆ 18 ಜನರ ತಂಡ ಹೋದರೆ ಒಲಿಂಪಿಕ್ಸ್‌ಗೆ 16 ಜನ ಮಾತ್ರ. ಆ ಎರಡು ಜಾಗದಲ್ಲಿ ಎಷ್ಟೋ ಜನರ ನಾಲ್ಕು ವರ್ಷದ ದುಡಿಮೆ ಹೋಗಿಬಿಡುತ್ತೆ.

ಪೆನಾಲ್ಟಿ ಕಾರ್ನರ್: ತಂಡ ನಿರ್ಧರಿಸೋ ನಿಯಮ

ಬದಲಾವಣೆಗೆ ಮಿತಿ ಇಲ್ಲ ಅಂದ್ವಲ್ಲ, ಅದಕ್ಕೆ ಒಂದು ದೊಡ್ಡ ಅಪವಾದ ಇದೆ. ಪೆನಾಲ್ಟಿ ಕಾರ್ನರ್ ಕೊಟ್ಟ ಕ್ಷಣದಿಂದ ಅದು ಮುಗಿಯುವವರೆಗೆ ಆಟಗಾರರನ್ನು ಬದಲಿಸುವಂತಿಲ್ಲ. ಗೋಲ್‌ಕೀಪರ್ ಗಾಯಗೊಂಡರೆ ಮಾತ್ರ ವಿನಾಯಿತಿ. ಅಂದರೆ ಚೆಂಡನ್ನು ಸ್ಟಿಕ್‌ನಲ್ಲಿ ಎಳೆದು ಬೀಸಿ ಹೊಡೆಯೋ ಡ್ರ್ಯಾಗ್ ಫ್ಲಿಕ್ ಪರಿಣತ ಆ ಹೊತ್ತಿಗೆ ಬೆಂಚ್‌ನಲ್ಲಿದ್ದರೆ ಅವನಿಂದ ಉಪಯೋಗ ಇಲ್ಲ.

ಕೋಚ್‌ಗೆ ಎದುರಾಗೋ ಮೊದಲ ಸಂದಿಗ್ಧ ಇದು. ಒಬ್ಬನೇ ಪರಿಣತನನ್ನು ಒಯ್ದರೆ ಅವನನ್ನು ಆಚೆ ಕರೆಯೋಕೆ ಭಯ. ಇಬ್ಬರು, ಮೂವರನ್ನು ಒಯ್ದರೆ ಒಬ್ಬ ಮಿಡ್‌ಫೀಲ್ಡರ್‌ನ ಜಾಗ ಹೋಗುತ್ತೆ.

ಎರಡೂ ದಾರಿಯನ್ನು ಭಾರತ ನೋಡಿದೆ. 2016ರ ರಿಯೊ ಒಲಿಂಪಿಕ್ಸ್‌ಗೆ ಕೊಡಗಿನ ವಿ.ಆರ್. ರಘುನಾಥ್, ರೂಪಿಂದರ್ ಪಾಲ್ ಸಿಂಗ್, ಹರ್ಮನ್‌ಪ್ರೀತ್ ಸಿಂಗ್ ಮೂವರೂ ಹೋಗಿದ್ದರು. ಮೂವರೂ ಡ್ರ್ಯಾಗ್ ಫ್ಲಿಕ್ ಬಲ್ಲ ಡಿಫೆಂಡರ್‌ಗಳೇ. ಅಷ್ಟಿದ್ದೂ ನೆದರ್ಲೆಂಡ್ಸ್ ವಿರುದ್ಧ ಕೊನೇ ಗಳಿಗೆಯಲ್ಲಿ ಸಾಲಾಗಿ ಐದು ಪೆನಾಲ್ಟಿ ಕಾರ್ನರ್ ಸಿಕ್ಕರೂ ಒಂದೂ ಗೋಲಾಗಲಿಲ್ಲ. ಪಂದ್ಯ 1-2ರಲ್ಲಿ ಹೋಯಿತು.

2024ರ ಪ್ಯಾರಿಸ್‌ನಲ್ಲಿ ಕೋಚ್ ಕ್ರೇಗ್ ಫುಲ್ಟನ್ ಅವಧಿಯ ತಂಡ ಬೇರೆ ದಾರಿ ಹಿಡಿಯಿತು. ಹರ್ಮನ್‌ಪ್ರೀತ್ ಒಬ್ಬರ ಮೇಲೇ ಹೆಚ್ಚು ಭಾರ. ಇನ್ನೊಬ್ಬ ಫ್ಲಿಕ್ ಪರಿಣತ ಜುಗರಾಜ್ ಸಿಂಗ್ ಮೀಸಲು ಪಟ್ಟಿಯಲ್ಲಿ ಉಳಿದರು. ಪ್ಯಾರಿಸ್‌ನ ಎಂಟು ಪಂದ್ಯಗಳಲ್ಲಿ ಭಾರತ ಹೊಡೆದದ್ದು 15 ಗೋಲು. ಅದರಲ್ಲಿ 10 ಹರ್ಮನ್‌ಪ್ರೀತ್ ಅವರದ್ದು. ಕಂಚಿನ ಪದಕದ ಪಂದ್ಯದಲ್ಲಿ ಸ್ಪೇನ್ ವಿರುದ್ಧದ 2-1 ಗೆಲುವಿನ ಎರಡೂ ಗೋಲು ಅವರದ್ದೇ. ಲೆಕ್ಕ ಫಲಿಸಿತು. ಆದರೆ ಎರಡನೇ ಪಂದ್ಯದಲ್ಲೇ ಅವರಿಗೆ ಗಾಯವಾಗಿದ್ದರೆ ಇದೇ ಆಯ್ಕೆಯನ್ನು ಎಲ್ಲರೂ ಬೈಯುತ್ತಿದ್ದರು. ಫಲಿತಾಂಶ ನೋಡಿ ಆಯ್ಕೆ ಸರಿ-ತಪ್ಪು ಅನ್ನೋದು ಸುಲಭ. ಕೋಚ್‌ಗೆ ಆ ಸೌಲಭ್ಯ ಇರೋದಿಲ್ಲ.

ಮತ್ತೆ ಆ ಐದು ಫಾರ್ವರ್ಡ್‌ಗಳು? ಪ್ಯಾರಿಸ್‌ನಲ್ಲಿ ಅಭಿಷೇಕ್, ಸುಖ್‌ಜೀತ್, ಲಲಿತ್, ಮನ್‌ದೀಪ್, ಗುರ್ಜಂತ್ ಸೇರಿ ಆಟದ ಅವಧಿಯಲ್ಲಿ ಹೊಡೆದದ್ದು ನಾಲ್ಕೇ ಗೋಲು. ಬರೀ ಇದನ್ನು ನೋಡಿದರೆ ಕೋಪ ಬರೋದು ಸಹಜ. ಆದರೆ ಪೆನಾಲ್ಟಿ ಕಾರ್ನರ್ ತಾನಾಗಿ ಬರೋದಿಲ್ಲ. ಎದುರಾಳಿಯ ವೃತ್ತದೊಳಗೆ ನುಗ್ಗಿ, ಚೆಂಡು ಅವರ ಕಾಲಿಗೆ ತಗಲುವ ಹಾಗೆ ಮಾಡಿ ಅದನ್ನು ಸಂಪಾದಿಸಬೇಕು. ಆ ಕೆಲಸದ ದೊಡ್ಡ ಪಾಲು ಫಾರ್ವರ್ಡ್‌ಗಳದ್ದು. ಮರ ಹತ್ತಿದವನು ಒಬ್ಬ, ಮಂಡಿಯಲ್ಲಿ ದುಡ್ಡು ಎಣಿಸಿದವನು ಇನ್ನೊಬ್ಬ.

ಒಬ್ಬ ಇಲ್ಲದಿದ್ದರೆ ಏನಾಗುತ್ತೆ: ರೋಹಿದಾಸ್ ಪ್ರಕರಣ

2024ರ ಆಗಸ್ಟ್ 4. ಗ್ರೇಟ್ ಬ್ರಿಟನ್ ವಿರುದ್ಧ ಕ್ವಾರ್ಟರ್‌ಫೈನಲ್. 17ನೇ ನಿಮಿಷದಲ್ಲಿ ಡಿಫೆಂಡರ್ ಅಮಿತ್ ರೋಹಿದಾಸ್ ಅವರ ಸ್ಟಿಕ್ ಎದುರಾಳಿಯ ಮುಖಕ್ಕೆ ತಗಲಿತು. ರೆಡ್ ಕಾರ್ಡ್. ಗ್ರೀನ್ ಕಾರ್ಡ್ ಆದರೆ ಎರಡು ನಿಮಿಷ, ಯೆಲ್ಲೊ ಆದರೆ ಕನಿಷ್ಠ ಐದು ನಿಮಿಷ ಹೊರಗಿದ್ದು ವಾಪಸ್ ಬರಬಹುದು. ರೆಡ್ ಆದರೆ ಆ ಪಂದ್ಯ ಮುಗೀತು, ಅವನ ಜಾಗಕ್ಕೆ ಇನ್ನೊಬ್ಬನೂ ಬರೋ ಹಾಗಿಲ್ಲ.

ಉಳಿದ 43 ನಿಮಿಷ ಭಾರತ ಹತ್ತೇ ಜನರಲ್ಲಿ ಆಡಿತು. ಮಿಡ್‌ಫೀಲ್ಡರ್ ಮನ್‌ಪ್ರೀತ್ ಸಿಂಗ್ ಹಿಂದೆ ಸರಿದು ಡಿಫೆನ್ಸ್ ನೋಡಿಕೊಂಡರು. 1-1ರಲ್ಲಿ ನಿಂತ ಪಂದ್ಯವನ್ನು ಶೂಟೌಟ್‌ನಲ್ಲಿ 4-2ರಿಂದ ಗೆದ್ದರು. ಒಂದಕ್ಕಿಂತ ಹೆಚ್ಚು ಜಾಗದಲ್ಲಿ ಆಡಬಲ್ಲವನನ್ನು ಕೋಚ್‌ಗಳು ಯಾಕೆ ಬಿಡೋದಿಲ್ಲ ಅನ್ನೋದಕ್ಕೆ ಉತ್ತರ ಇಲ್ಲಿದೆ. ‘ಅವನು ಈಗ ಮೊದಲಿನ ಹಾಗೆ ಆಡ್ತಿಲ್ಲ’ ಅನ್ನಿಸಿಕೊಂಡ ಹಿರಿಯನೇ ಅಂಥ ದಿನ ಕೈ ಹಿಡಿಯೋದು.

ಆದರೆ ಬೆಲೆ ತೆರಬೇಕಾದ್ದು ಎರಡು ದಿನ ಬಿಟ್ಟು. ರೋಹಿದಾಸ್‌ಗೆ ಒಂದು ಪಂದ್ಯದ ನಿಷೇಧ. ಜರ್ಮನಿ ವಿರುದ್ಧದ ಸೆಮಿಫೈನಲ್‌ಗೆ ಭಾರತಕ್ಕೆ ಸಿಕ್ಕಿದ್ದು 15 ಜನ ಮಾತ್ರ. ಮೀಸಲು ಆಟಗಾರರು ಇದ್ದರೂ ನಿಷೇಧಕ್ಕೆ ಬದಲಿ ಇಲ್ಲ.

ರೋಹಿದಾಸ್ ಬರೀ ಡಿಫೆಂಡರ್ ಅಲ್ಲ, ‘ಫಸ್ಟ್ ರಷರ್’. ಎದುರಾಳಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಾಗ ಗೋಲು ಕಾಯೋಕೆ ಕೀಪರ್ ಸೇರಿ ಐವರು ಮಾತ್ರ ಇರುತ್ತಾರೆ. ಅವರಲ್ಲಿ ಒಬ್ಬ ಫ್ಲಿಕ್ ಹೊಡೆಯುವವನ ಮೇಲೇ ನೇರವಾಗಿ ಓಡಬೇಕು. ಗಂಟೆಗೆ 100 ಕಿ.ಮೀ. ದಾಟಿ ಬರೋ ಚೆಂಡಿಗೆ ಮೈ ಒಡ್ಡೋ ಕೆಲಸ ಅದು. ಸ್ಕೋರ್‌ಬೋರ್ಡ್‌ನಲ್ಲಿ ಹೆಸರು ಬರೋದಿಲ್ಲ. ಆ ಸೆಮಿಫೈನಲ್‌ನಲ್ಲಿ ಜರ್ಮನಿಯ ಗೊನ್ಸಾಲೊ ಪೇಯಟ್ 18ನೇ ನಿಮಿಷದಲ್ಲಿ ಪೆನಾಲ್ಟಿ ಕಾರ್ನರ್‌ನಿಂದಲೇ ಸಮ ಮಾಡಿದರು. ಭಾರತ 2-3ರಲ್ಲಿ ಸೋತಿತು. ರೋಹಿದಾಸ್ ಇದ್ದಿದ್ದರೆ ಗೆಲ್ಲುತ್ತಿತ್ತು ಅಂತ ಯಾರೂ ಆಣೆ ಮಾಡಿ ಹೇಳೋಕಾಗಲ್ಲ. ಆದರೆ ಹೆಸರು ಬಾರದ ಕೆಲಸಗಾರ ಯಾರು ಅನ್ನೋದು ಅವನು ಇಲ್ಲದ ದಿನ ಗೊತ್ತಾಗುತ್ತೆ.

ಕಾಯುವವರ ಕಥೆ

ಒಲಿಂಪಿಕ್ಸ್‌ನ 16ರಲ್ಲಿ ಸಾಮಾನ್ಯವಾಗಿ ಗೋಲ್‌ಕೀಪರ್ ಒಬ್ಬನೇ. ಪಿ.ಆರ್. ಶ್ರೀಜೇಶ್ ಟೋಕಿಯೊದಲ್ಲೂ ಪ್ಯಾರಿಸ್‌ನಲ್ಲೂ ಗೋಡೆಯಾಗಿ ನಿಂತದ್ದನ್ನು ಎಲ್ಲರೂ ನೋಡಿದ್ದಾರೆ. 2018ರಲ್ಲೇ ಭಾರತಕ್ಕೆ ಆಡಲು ಶುರು ಮಾಡಿದ ಕ್ರಿಶನ್ ಪಾಠಕ್ ಎರಡೂ ಸಲ ಮೀಸಲು ಪಟ್ಟಿಯಲ್ಲೇ ಉಳಿದರು. ಬೇರೆ ಟೂರ್ನಿಗಳಲ್ಲಿ ಇಬ್ಬರೂ ಕ್ವಾರ್ಟರ್ ಹಂಚಿಕೊಂಡು ಆಡಿದ್ದುಂಟು. ಹಾಗೆ ಹಂಚಿದಾಗ ‘ಚೆನ್ನಾಗಿ ಕಾಯ್ತಿದ್ದೋನನ್ನ ಯಾಕೆ ತೆಗೆದ್ರು?’ ಅಂತ ಬೈದವರಿಗೆ ಕಾರಣ ಆಮೇಲೆ ಅರ್ಥವಾಗಿರಬೇಕು. ಪ್ಯಾರಿಸ್ ನಂತರ ಶ್ರೀಜೇಶ್ ನಿವೃತ್ತರಾದರು. ಆಡಿಸದೇ ಇಟ್ಟಿದ್ದರೆ ಮುಂದಿನವನು ತಯಾರಾಗುತ್ತಲೇ ಇರಲಿಲ್ಲ. ಅಟ್ಟದ ಮೇಲಿನ ಕೊಬ್ಬರಿ ಕಥೆ ನಮ್ಮ ಕಡೆಯವರಿಗೆ ಗೊತ್ತೇ ಇದೆ. ಕಾಯಬೇಕು ನಿಜ, ತಿರುಗಿ ನೋಡದೆ ಬಿಟ್ಟರೆ ಕೌಟು.

ಕಾದವನಿಗೆ ಅವಕಾಶ ಸಿಕ್ಕ ಕಥೆಯೂ ಇದೆ. ಟೋಕಿಯೊ ಒಲಿಂಪಿಕ್ಸ್‌ಗೆ ಸಿಮ್ರನ್‌ಜೀತ್ ಸಿಂಗ್ ಮೊದಲ 16ರಲ್ಲಿ ಇರಲಿಲ್ಲ. ಕೋವಿಡ್ ಕಾರಣಕ್ಕೆ ಆ ಸಲ ನಿಯಮ ಸಡಿಲಿಸಿ, ಮೀಸಲು ಆಟಗಾರರನ್ನೂ ಪಂದ್ಯಕ್ಕೆ ತಕ್ಕಂತೆ ಬಳಸಲು ಬಿಟ್ಟರು. 2021ರ ಆಗಸ್ಟ್ 5ರಂದು ಜರ್ಮನಿಯನ್ನು 5-4ರಿಂದ ಸೋಲಿಸಿ 41 ವರ್ಷಗಳ ನಂತರ ಪದಕ ಗೆದ್ದ ಪಂದ್ಯದಲ್ಲಿ ಎರಡು ಗೋಲು ಹೊಡೆದದ್ದು ಅದೇ ಸಿಮ್ರನ್‌ಜೀತ್. ಹಳೇ ನಿಯಮವೇ ಇದ್ದಿದ್ದರೆ ಅವರು ಆ ಪಂದ್ಯಕ್ಕೇ ಇರುತ್ತಿರಲಿಲ್ಲ.

ಕರ್ನಾಟಕದವರು ಎಲ್ಲಿ?

ರಿಯೊ ತಂಡದಲ್ಲಿ ರಘುನಾಥ್ ಜತೆ ಎಸ್.ವಿ. ಸುನಿಲ್, ಎಸ್.ಕೆ. ಉತ್ತಪ್ಪ, ನಿಕ್ಕಿನ್ ತಿಮ್ಮಯ್ಯ ಇದ್ದರು. ಹದಿನಾರರಲ್ಲಿ ನಾಲ್ವರು ನಮ್ಮ ರಾಜ್ಯದವರು. ಮುಂದಿನ ಟೋಕಿಯೊ ತಂಡದಲ್ಲಿ ಒಬ್ಬರೂ ಇಲ್ಲ, ಪ್ಯಾರಿಸ್‌ನಲ್ಲೂ ಇಲ್ಲ.

ಹೆಚ್ಚು ನೋವು ತಂದದ್ದು ಸೋಮವಾರಪೇಟೆಯ ಸುನಿಲ್ ವಿಷಯ. ಬಿರುಗಾಳಿ ಓಟದ ಈ ಫಾರ್ವರ್ಡ್ 2012 ಮತ್ತು 2016ರ ಒಲಿಂಪಿಕ್ಸ್ ಆಡಿದ್ದರು, 2014ರ ಏಷ್ಯನ್ ಗೇಮ್ಸ್ ಚಿನ್ನದ ತಂಡದಲ್ಲಿದ್ದರು. ಟೋಕಿಯೊಗೆ ಆಗಿನ ಕೋಚ್ ಗ್ರಹಾಂ ರೀಡ್ ಅವರ ತಂಡದಲ್ಲಿ ಜಾಗ ಸಿಗಲಿಲ್ಲ. ತಂಡ ಪದಕ ಗೆದ್ದ ಎರಡು ತಿಂಗಳಿಗೆ, 264 ಪಂದ್ಯ, 72 ಗೋಲುಗಳೊಂದಿಗೆ ಸುನಿಲ್ ನಿವೃತ್ತಿ ಹೇಳಿದರು. ತಂಡ ಗೆದ್ದದ್ದರಿಂದ ಆಯ್ಕೆ ಬಗ್ಗೆ ಯಾರೂ ಹೆಚ್ಚು ಮಾತಾಡಲಿಲ್ಲ. ಆದರೆ 14 ವರ್ಷ ಓಡಿದವನ ಕೊರಳಿಗೆ ಪದಕ ಬೀಳಲಿಲ್ಲ. ಕೋಚ್ ತಪ್ಪು ಮಾಡಿದರು ಅನ್ನೋಕೂ ಆಗದ, ಸುನಿಲ್‌ಗೆ ನ್ಯಾಯ ಸಿಕ್ಕಿತು ಅನ್ನೋಕೂ ಆಗದ ಜಾಗ ಇದು.

ಎಲ್ಲಾ ಕೋಚ್ ಕೈಲಿ ಇರಲ್ಲ

ಇನ್ನೊಂದು ಮಾತು. ಆಟದ ನಡುವೆ ಯಾರು ಒಳಗೆ, ಯಾರು ಹೊರಗೆ ಅನ್ನೋದು ಕೋಚ್ ತೀರ್ಮಾನ. ಆದರೆ ತಂಡದ ಪಟ್ಟಿ ಪ್ರಕಟ ಆಗೋದು ಆಡಳಿತ ಸಂಸ್ಥೆ ಮತ್ತು ಆಯ್ಕೆ ಸಮಿತಿ ಮೂಲಕ. ಈ ಎರಡನ್ನೂ ಬೆರೆಸಿ ಕೋಚ್ ಮೇಲೇ ಹಾಕೋದು ಸರಿಯಲ್ಲ.

1998ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್ ಇದಕ್ಕೆ ಹಳೇ ಉದಾಹರಣೆ. ಫೈನಲ್‌ನಲ್ಲಿ ದಕ್ಷಿಣ ಕೊರಿಯಾ ವಿರುದ್ಧ ಟೈಬ್ರೇಕರ್‌ನಲ್ಲಿ ಬೆಂಗಳೂರಿನ ಗೋಲ್‌ಕೀಪರ್ ಆಶಿಶ್ ಬಲ್ಲಾಳ್ ಚೆಂಡು ತಡೆದು ಹೀರೊ ಆದರು. 1966ರ ನಂತರ ಸಿಕ್ಕ ಮೊದಲ ಚಿನ್ನ ಅದು. ಅದಾದ ಮೇಲೆ ಬಲ್ಲಾಳ್, ನಾಯಕ ಧನರಾಜ್ ಪಿಳ್ಳೈ ಸೇರಿ ಹಲವು ಹಿರಿಯರಿಗೆ ‘ವಿಶ್ರಾಂತಿ’ ಅಂತ ಹೇಳಿ ಕೈಬಿಡಲಾಯಿತು. ಕೋಚ್ ಎಂ.ಕೆ. ಕೌಶಿಕ್ ಅವರಿಗೂ ಅದೇ ಗತಿ. ಭತ್ಯೆ ಕೇಳಿದ್ದಕ್ಕೆ ಸಿಕ್ಕ ಶಿಕ್ಷೆ ಅನ್ನೋ ಮಾತು ಆಗ ಜೋರಾಗಿತ್ತು. ಚಿನ್ನ ಗೆದ್ದ ಕೋಚನ್ನೇ ಕಳಿಸಿದ ಮೇಲೆ ಲೈನ್‌ಅಪ್ ಪ್ರಶ್ನೆಯನ್ನು ಯಾರಿಗೆ ಕೇಳೋದು?

ಮುಂದಿನ ಮ್ಯಾಚ್ ನೋಡುವಾಗ

ಹಾಗಾಗಿ ಅಂಗಡಿ ಮುಂದಿನ ಚರ್ಚೆಗೆ ಕೂರುವ ಮುನ್ನ ನಾಲ್ಕು ವಿಷಯ ಗಮನಿಸಿದರೆ ಸಾಕು.

* ಆಚೆ ಬಂದವನು ಮತ್ತೆ ಒಳಗೆ ಹೋದನಾ? ಹೋಗಿದ್ದರೆ ಅದು ಸರದಿ.
* ಪೆನಾಲ್ಟಿ ಕಾರ್ನರ್ ಸಿಕ್ಕಾಗ ಫ್ಲಿಕ್ ಹೊಡೆಯುವವನು ಮೈದಾನದಲ್ಲಿ ಇದ್ದನಾ? ಇಲ್ಲದಿದ್ದರೆ ಅದು ಕೋಚ್‌ಗೆ ಕೇಳಬೇಕಾದ ಪ್ರಶ್ನೆ.
* ಗೋಲು ಹೊಡೆಯದವನು ಎಷ್ಟು ಕಾರ್ನರ್ ಗಳಿಸಿದ, ಎಷ್ಟು ತಡೆದ?
* ಹೊರಗುಳಿದವನ ಜಾಗಕ್ಕೆ ಬಂದವನು ಯಾವ ಕೆಲಸಕ್ಕೆ ಬಂದ?

ವಿಶ್ವಕಪ್ ಮತ್ತು ಏಷ್ಯನ್ ಗೇಮ್ಸ್ ನಡುವೆ ಕೆಲವೇ ವಾರ ಇರೋದರಿಂದ ನಾಲ್ಕನೇ ಪ್ರಶ್ನೆ ಈ ಸಲ ಮುಖ್ಯ. ಏಷ್ಯನ್ ಗೇಮ್ಸ್ ಚಿನ್ನ ಗೆದ್ದರೆ 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ನೇರ ದಾರಿ. ಎರಡಕ್ಕೂ ಅದೇ ಕಾಲುಗಳನ್ನು ಓಡಿಸೋದಾ, ಹೊಸಬರನ್ನು ಬೆರೆಸೋದಾ ಅನ್ನೋದು ಸುಲಭದ ತೀರ್ಮಾನ ಅಲ್ಲ.

ಇದು ಹಾಕಿಗೆ ಮಾತ್ರ ಸೀಮಿತ ಅಂತಲೂ ಅಲ್ಲ. ಹೋಬಳಿ ಮಟ್ಟದ ಕಬಡ್ಡಿಗೆ ಹನ್ನೆರಡು ಮಕ್ಕಳ ಹೆಸರು ಬರೆಯೋ ಪಿ.ಟಿ. ಮೇಷ್ಟ್ರಿಗೂ ಇದೇ ತಲೆನೋವು. ಹದಿಮೂರನೆಯವನು ಮನೆಗೆ ಹೋಗಿ ಅಪ್ಪನಿಗೆ ಏನು ಹೇಳ್ತಾನೆ ಅನ್ನೋದು ಅವರಿಗೂ ಗೊತ್ತು. ಆ ಹುಡುಗನಿಗೆ ‘ನಿನ್ನನ್ನ ಯಾಕೆ ತಗೊಂಡಿಲ್ಲ, ಮುಂದಿನ ಸಲಕ್ಕೆ ಏನು ಮಾಡ್ಬೇಕು’ ಅಂತ ಎರಡು ಮಾತು ಕರೆದು ಹೇಳಿದರೆ ಅವನು ಮಾರನೇ ದಿನವೂ ಮೈದಾನಕ್ಕೆ ಬರ್ತಾನೆ.