ಕಟ್ಟಡ ನಿಯಮಕ್ಕೆ ಹಲ್ಲು ಬರುವುದು ಯಾವಾಗ?

ಪ್ರಶ್ನೆ: ಹೈದರಾಬಾದಿನಲ್ಲಿ ಕಟ್ಟಡ ನಿಯಮ ಮಾಡುವವರು ಯಾರು? ತುರ್ತು ಬಂದರೆ?

ಉತ್ತರ: ಭಾರತೀಯ ಮಾನಕ ಬ್ಯೂರೋದ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಬರೀ ಸಲಹೆ. ರಾಜ್ಯ ತನ್ನ ನಿಯಮದೊಳಗೆ ತಂದುಕೊಂಡಾಗಲೇ ಅದಕ್ಕೆ ಹಲ್ಲು ಬರುವುದು. ಹೈದರಾಬಾದಿಗೆ ಆಧಾರ, ಆಂಧ್ರಪ್ರದೇಶ ಇನ್ನೂ ಒಂದಾಗಿದ್ದಾಗ, 2012ರ ಏಪ್ರಿಲ್ 7ರಂದು ಹೊರಟ 168ನೇ ಸರ್ಕಾರಿ ಆದೇಶ. ಮನೆಯ ಸುತ್ತ ಎಷ್ಟು ಜಾಗ ಬಿಡಬೇಕು, ಎದುರಿನ ರಸ್ತೆ ಎಷ್ಟು ಅಗಲವಿದ್ದರೆ ಎಷ್ಟು ಎತ್ತರ ಏಳಬಹುದು, ಎಲ್ಲ ಅದರಲ್ಲಿದೆ. ಇದಕ್ಕೆ ಸದನದ ಮತ ಬೇಕಿಲ್ಲ. ಕಾಯ್ದೆ ಕೊಟ್ಟ ಅಧಿಕಾರದಲ್ಲಿ ಸರ್ಕಾರವೇ ಹೊರಡಿಸುತ್ತದೆ.

ಕಾಯ್ದೆಯನ್ನೇ ತಿದ್ದಬೇಕು, ಸದನ ನಡೆಯುತ್ತಿಲ್ಲ ಎಂದರೆ ರಾಜ್ಯಪಾಲರ ಸುಗ್ರೀವಾಜ್ಞೆ. ಕೆರೆ ಒತ್ತುವರಿ ತೆರವಿಗೆ 2024ರ ಜುಲೈನಲ್ಲಿ ಹುಟ್ಟಿದ ‘ಹೈಡ್ರಾ’ ಎಂಬ ಸರ್ಕಾರಿ ಸಂಸ್ಥೆಗೆ ಅಕ್ಟೋಬರಿನಲ್ಲಿ ಕಾನೂನಿನ ಬಲ ಸಿಕ್ಕಿದ್ದು ಹೀಗೆ. ಸದನ ಮತ್ತೆ ಸೇರಿದ ಆರು ವಾರದೊಳಗೆ ಒಪ್ಪಿಗೆ ಸಿಗದಿದ್ದರೆ ಸುಗ್ರೀವಾಜ್ಞೆ ತಾನಾಗಿಯೇ ರದ್ದಾಗುತ್ತದೆ.