ಮನೆಯಲ್ಲುಳಿದ ಉಣ್ಣೆದಾರ: ಕೈಗೆ ಕಾಯಕ, ಮೈಗೆ ಬೆಚ್ಚನೆ

ಮೃಗಶಿರಾ ಮಳೆ ಕಾಲಿಟ್ಟೊಡನೆ ಖಾನಾಪುರ ತಾಲೂಕಿನ ಮನೆಗಳಲ್ಲಿ ಅಟ್ಟದ ಮೇಲಿನ ಕಂಬಳಿಗಳು ಕೆಳಗಿಳಿಯುತ್ತವೆ. ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆಗೆ ಮಳೆ ಹಿಡಿದರೆ ದಿನಗಟ್ಟಲೆ ಬಿಸಿಲು ಕಾಣದು. ಬೆಳಗಾವಿ ನಗರದಲ್ಲಿಯೂ ಆಷಾಢದ ಥಂಡಿ ಎಲುಬಿಗೆ ತಾಗುತ್ತದೆ. ಅಜ್ಜಿಯರ ಪೆಟ್ಟಿಗೆಯಿಂದ ಹೆಣಿಗೆಯ ಕಡ್ಡಿಗಳು ಹೊರಬರುವುದೂ ಆಗಲೇ. ಸ್ವೆಟರ್ ಮುಗಿದ ಮೇಲೆ ಉಳಿದ ಅರ್ಧ ಉಂಡೆ, ಬಣ್ಣ ಹೊಂದದ ಕಾಲು ಉಂಡೆ, ಹರಿದ ಟೊಪ್ಪಿಗೆಯಿಂದ ಬಿಚ್ಚಿ ತೆಗೆದ ದಾರ ಇವು ಗಂಟಿನಲ್ಲಿ ಬಿದ್ದಿರದ ಮನೆ ಕಡಿಮೆ. ಆ ದಾರದಿಂದ ಏನು ಮಾಡಬಹುದು, ಮಾಡುವಾಗ ಆರೋಗ್ಯದ ದೃಷ್ಟಿಯಿಂದ ಎಲ್ಲಿ ಎಚ್ಚರವಿರಬೇಕು ಎಂಬುದನ್ನು ಸದ್ಭಕ್ತರೊಡನೆ ಹಂಚಿಕೊಳ್ಳುವುದು ಈ ಬರಹದ ಉದ್ದೇಶ.

ನೂಲಿನ ನಂಟು ನಮಗೆ ಹೊಸದಲ್ಲ. ಜೇಡರ ದಾಸಿಮಯ್ಯನವರ ಕಾಯಕ ನೇಯ್ಗೆ. ಕದಿರ ರೆಮ್ಮವ್ವೆಯ ಕಾಯಕ ನೂಲುವುದು. 1924ರ ಡಿಸೆಂಬರಿನಲ್ಲಿ ಮಹಾತ್ಮಾ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿದ್ದು ಇದೇ ಬೆಳಗಾವಿಯಲ್ಲಿ. ಸದಸ್ಯರಾದವರು ತಿಂಗಳಿಗೆ 2000 ಗಜ ಕೈನೂಲು ನೀಡಬೇಕೆಂಬ ನಿಯಮವನ್ನು ಅಂಗೀಕರಿಸಿದ್ದೂ ಇಲ್ಲಿಯೇ. ಗಂಗಾಧರರಾವ ದೇಶಪಾಂಡೆಯವರ ಹುದಲಿಯಲ್ಲಿ ಖಾದಿಯ ಕೆಲಸ ಬೇರೂರಿತು. ಇಂದಿಗೂ ವಡಗಾವಿ, ಶಹಾಪುರ, ಖಾಸಬಾಗಗಳ ಓಣಿಗಳಲ್ಲಿ ನಡೆದರೆ ಮಗ್ಗದ ಸದ್ದು ಕಿವಿಗೆ ಬೀಳುತ್ತದೆ. ನೂಲಿನ ಬೆಲೆ ಬಲ್ಲ ನೇಕಾರರು ತುಂಡು ನೂಲನ್ನೂ ಸುಮ್ಮನೆ ಚೆಲ್ಲುವವರಲ್ಲ.

ಕೈಯಲ್ಲಿರುವ ದಾರ ಯಾವುದೆಂದು ಮೊದಲು ತಿಳಿಯಬೇಕು. ಅಂಗಡಿಯಲ್ಲಿ ‘ಉಲ್ಲನ್’ ಎಂದು ಕೊಡುವುದೆಲ್ಲ ಕುರಿಯ ಉಣ್ಣೆಯಲ್ಲ. ಬಹುಪಾಲು ಆಕ್ರಿಲಿಕ್ ಎಂಬ ಕೃತಕ ಎಳೆ. ಬೆರಳುದ್ದದ ತುಂಡನ್ನು ಚಿಮಟಿಗೆಯಲ್ಲಿ ಹಿಡಿದು, ಕೆಳಗೆ ನೀರಿನ ತಟ್ಟೆಯಿಟ್ಟುಕೊಂಡು ದೀಪಕ್ಕೆ ತಾಗಿಸಿ ನೋಡಬಹುದು. ಅಪ್ಪಟ ಉಣ್ಣೆ ಕೂದಲು ಸುಟ್ಟ ವಾಸನೆ ಬೀರಿ, ಮುಟ್ಟಿದರೆ ಪುಡಿಯಾಗುವ ಕರಿಬೂದಿಯಾಗುತ್ತದೆ. ಹತ್ತಿ ಕಾಗದದಂತೆ ಉರಿಯುತ್ತದೆ. ಆಕ್ರಿಲಿಕ್ ಕರಗಿ, ಆರಿದ ಮೇಲೆ ಗಟ್ಟಿ ಮಣಿಯಾಗುತ್ತದೆ. ಈ ವ್ಯತ್ಯಾಸವನ್ನು ಏಕೆ ಇಷ್ಟು ಒತ್ತಿ ಹೇಳಬೇಕೆಂದರೆ, ನಮ್ಮ ಕಡೆ ಬಾಣಂತಿಯ ಕೋಣೆಯಲ್ಲಿ ಶೆಗಡಿ ಇಡುವ ರೂಢಿಯಿದೆ. ಕೆಂಡದ ಕಿಡಿ ಬಿದ್ದರೆ ಆಕ್ರಿಲಿಕ್ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಅಡುಗೆಮನೆಯಲ್ಲಿ ಬಿಸಿ ಪಾತ್ರೆ ಹಿಡಿಯುವ ಬಟ್ಟೆಯನ್ನಾಗಲಿ, ಪಾತ್ರೆಯ ಕೆಳಗಿಡುವ ಸಿಂಬಿಯನ್ನಾಗಲಿ ಇದರಿಂದ ಹೆಣೆಯಲೇಬಾರದು. ಅವಕ್ಕೆ ಹತ್ತಿಯ ದಾರವೇ ಸರಿ. ಶೆಗಡಿಯ ಹೊಗೆ ತಾಯಿ-ಮಗು ಇಬ್ಬರಿಗೂ ಕೆಟ್ಟದ್ದೆಂಬುದು ಬೇರೆಯೇ ಮಾತು. ಅದನ್ನೂ ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ.

ಉಳಿದ ದಾರಕ್ಕೆ ಅತ್ಯಂತ ಸಾರ್ಥಕವಾದ ಉಪಯೋಗ ಕೂಸಿನ ಟೊಪ್ಪಿಗೆ. ಹುಟ್ಟಿದ ಮಗುವಿನ ತಲೆ ಮೈಗೆ ಹೋಲಿಸಿದರೆ ದೊಡ್ಡದು. ಆ ಮೂಲಕ ಶಾಖ ಬೇಗ ಹೊರಹೋಗುತ್ತದೆ. ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಕೂಸುಗಳಿಗೆ ಈ ನಷ್ಟ ಪ್ರಾಣಕ್ಕೇ ಮುಳುವಾಗಬಹುದು. ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಮಗುವನ್ನು ಇರಿಸುವ ‘ಕಾಂಗರೂ ಆರೈಕೆ’ಯನ್ನು ವೈದ್ಯರು ಸೂಚಿಸಿದಾಗ ಮಗುವಿನ ತಲೆಗೆ ಟೊಪ್ಪಿಗೆ, ಕಾಲಿಗೆ ಚೀಲ ಇರಬೇಕೆನ್ನುತ್ತಾರೆ. ದಿನ ತುಂಬಿ ಹುಟ್ಟಿದ ಕೂಸಿನ ತಲೆಯ ಸುತ್ತಳತೆ ಸಾಮಾನ್ಯವಾಗಿ 33ರಿಂದ 35 ಸೆಂಟಿಮೀಟರ್. ಹೆಣಿಗೆ ಹಿಗ್ಗುವುದರಿಂದ 31 ಅಥವಾ 32 ಸೆಂಟಿಮೀಟರ್ ಅಗಲ, 17 ಸೆಂಟಿಮೀಟರ್ ಎತ್ತರದ ಒಂದು ಪಟ್ಟಿ ಹೆಣೆದು, ಎರಡು ಅಂಚು ಕೂಡಿಸಿ ಹೊಲಿದು, ಮೇಲ್ತುದಿಯನ್ನು ದಾರದಿಂದ ಸುರುಟಿ ಬಿಗಿದರೆ ಟೊಪ್ಪಿಗೆ ಸಿದ್ಧ. ಕಡ್ಡಿ ಹಿಡಿಯಲು ಈಗಷ್ಟೇ ಕಲಿತವರೂ ಎರಡು ಸಂಜೆಯಲ್ಲಿ ಮುಗಿಸಬಹುದು. ಗದ್ದದ ಕೆಳಗೆ ಕಟ್ಟುವ ಲಾಡಿ, ಮಣಿ, ಗುಂಡಿ ಯಾವುದೂ ಬೇಡ. ಲಾಡಿ ಕೊರಳಿಗೆ ಬಿಗಿಯುತ್ತದೆ, ಮಣಿ ಕಿತ್ತು ಬಾಯಿಗೆ ಹೋಗುತ್ತದೆ.

ಆದರೆ ಟೊಪ್ಪಿಗೆ ಹಾಕಿದ ಮಾತ್ರಕ್ಕೆ ಕೆಲಸ ಮುಗಿಯಿತೆಂದು ತಿಳಿಯಬಾರದು. ಅಂಗೈಯ ಹಿಂಭಾಗದಿಂದ ಕೂಸಿನ ಹೊಟ್ಟೆಯನ್ನೂ ಪಾದವನ್ನೂ ಮುಟ್ಟಿ ನೋಡಬೇಕು. ಎರಡೂ ಬೆಚ್ಚಗಿದ್ದರೆ ಚಿಂತೆಯಿಲ್ಲ. ಪಾದ ಮಾತ್ರ ತಣ್ಣಗಿದ್ದರೆ ಥಂಡಿ ಹಿಡಿಯುತ್ತಿದೆಯೆಂದು ಅರ್ಥ. ಕೂಡಲೇ ತಾಯಿಯ ಮೈಗೆ ಒತ್ತಿ ಹೊದಿಸಬೇಕು. ಹೊಟ್ಟೆಯೂ ತಣ್ಣಗಿದ್ದರೆ ಹಾಗೆಯೇ ಎದೆಗವಚಿಕೊಂಡು, ತಡಮಾಡದೆ ಆಸ್ಪತ್ರೆಗೆ ಹೊರಡಬೇಕು. ಆರೋಗ್ಯವಂತ ಮಗು ಬೆಚ್ಚನೆಯ ಕೋಣೆಯಲ್ಲಿ ಮಲಗಿರುವಾಗ ಟೊಪ್ಪಿಗೆ ತೆಗೆದಿಡುವುದೇ ಲೇಸು. ಮೈ ಅತಿಯಾಗಿ ಕಾಯುವುದೂ ಒಳ್ಳೆಯದಲ್ಲ.

ಕಾಲುಚೀಲದ ವಿಷಯದಲ್ಲಿ ಇನ್ನೊಂದು ಅಪಾಯವಿದೆ, ಬಹಳ ಜನರಿಗೆ ತಿಳಿಯದ್ದು. ತುಂಡು ದಾರಗಳನ್ನು ಕೂಡಿಸಿ ಹೆಣೆದಾಗ ಒಳಮೈಯಲ್ಲಿ ಗಂಟುಗಳೂ ಬಾಲಗಳೂ ಉಳಿಯುತ್ತವೆ. ಅಂತಹ ಒಂದು ಎಳೆ ಕೂಸಿನ ಕಾಲ್ಬೆರಳಿಗೆ ಸುತ್ತಿಕೊಂಡರೆ ರಕ್ತಸಂಚಾರ ನಿಂತು ಬೆರಳು ಕೆಂಪಾಗಿ ಬಾತು, ಕೊನೆಗೆ ಬೆರಳನ್ನೇ ಕಳೆದುಕೊಳ್ಳುವ ಸ್ಥಿತಿ ಬರಬಹುದು. ಕಾರಣ ತಿಳಿಯದೆ ಮಗು ಒಂದೇ ಸಮನೆ ಅಳುತ್ತಿದ್ದರೆ ಹೊಟ್ಟೆನೋವೆಂದೋ ದೃಷ್ಟಿಯೆಂದೋ ನಿವಾಳಿಸುವ ಮೊದಲು ಚೀಲ ಬಿಚ್ಚಿ ಕಾಲಿನ ಹತ್ತೂ ಬೆರಳು ನೋಡಿರಿ. ತೊಡಿಸುವ ಮುನ್ನ ಪ್ರತಿಸಲವೂ ಚೀಲವನ್ನು ಒಳಹೊರಗು ಮಾಡಿ ನೋಡುವ ರೂಢಿ ಇರಲಿ. ಅಪ್ಪಟ ಉಣ್ಣೆಯಾದರೆ ಗಂಟು ಹಾಕದೆಯೇ ಕೂಡಿಸುವ ಉಪಾಯವೊಂದಿದೆ. ಎರಡು ತುದಿಗಳ ಎಳೆಗಳನ್ನು ಬಿಡಿಸಿ, ಒಂದರ ಮೇಲೊಂದಿಟ್ಟು, ನೀರು ಹನಿಸಿ ಅಂಗೈಗಳ ನಡುವೆ ಜೋರಾಗಿ ಉಜ್ಜಿದರೆ ಅವು ಬೆಸೆದುಕೊಳ್ಳುತ್ತವೆ. ಕಂಬಳಿ ಗಟ್ಟಿಯಾಗುವುದರ ಹಿಂದಿರುವುದೂ ಉಣ್ಣೆಯ ಈ ಗುಣವೇ. ಆಕ್ರಿಲಿಕ್ ಹಾಗೂ ಹತ್ತಿಗೆ ಇದು ಸಾಧ್ಯವಿಲ್ಲ. ಅವುಗಳ ಎರಡು ತುದಿಗಳನ್ನು ಜೊತೆಗೂಡಿಸಿ ಏಳೆಂಟು ಹೆಣಿಕೆ ಹೆಣೆದು, ಬಾಲವನ್ನು ಸೂಜಿಯಿಂದ ಒಳಸೇರಿಸಬೇಕು.

ಇದೇ ಎಚ್ಚರಿಕೆ ಮನೆಯ ಹಿರಿಯರಿಗೂ ಬೇಕು. ಬಹುಕಾಲದ ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ ಚೀಲದೊಳಗಿನ ಒಂದು ಗಂಟು ಒತ್ತುತ್ತಿರುವುದೇ ತಿಳಿಯದು. ಒತ್ತಿದಲ್ಲಿ ಗುಳ್ಳೆ, ಗುಳ್ಳೆ ಒಡೆದು ಹುಣ್ಣು. ಮಾಗದ ಹುಣ್ಣು ಕಾಲಿಗೇ ಕುತ್ತು ತಂದ ಪ್ರಸಂಗಗಳು ಅಪರೂಪವಲ್ಲ. ಅಜ್ಜನಿಗೆ ಪ್ರೀತಿಯಿಂದ ಹೆಣೆದ ಚೀಲ ಅಜ್ಜನ ಕಾಲಿಗೆ ಮುಳ್ಳಾಗಬಾರದು. ಅಂಥವರಿಗೆ ಕಾಲುಚೀಲದ ಬದಲು ಮೊಣಕಾಲ ಮೇಲೆ ಹೊದೆಯುವ ಚೌಕಗಳ ಹೊದಿಕೆ ಹೆಣೆದುಕೊಡಿರಿ. ಅಂಗೈಯಗಲದ ಬಣ್ಣಬಣ್ಣದ ಚೌಕಗಳನ್ನು ಕೂಡಿಸಿದರಾಯಿತು. ಉಳಿಕೆ ದಾರಕ್ಕೆ ಹೇಳಿ ಮಾಡಿಸಿದ ಕೆಲಸ. ನಮ್ಮ ತಾಯಂದಿರು ಹಳೆಯ ಸೀರೆಗಳನ್ನು ಕೂಡಿಸಿ ಕೌದಿ ಹೊಲಿದದ್ದೂ, ಹಳಿಯಾಳ-ಯಲ್ಲಾಪುರಗಳ ಸಿದ್ಧಿ ಮಹಿಳೆಯರು ಇಂದಿಗೂ ಹೊಲಿಯುತ್ತಿರುವುದೂ ಇದೇ ಜಾಣತನದಿಂದ.

ಹೆಣೆಯುವವರಿಗೇನು ಲಾಭ? 2013ರಲ್ಲಿ ಪ್ರಕಟವಾದ ಒಂದು ಅಂತರರಾಷ್ಟ್ರೀಯ ಸಮೀಕ್ಷೆಗೆ 3,545 ಹೆಣಿಗೆಗಾರರು ಉತ್ತರಿಸಿದ್ದರು. ಹೆಚ್ಚು ಬಾರಿ ಹೆಣೆಯುವವರು ಮನಸ್ಸು ಶಾಂತವಾಗುತ್ತದೆಂದು ಹೇಳಿಕೊಂಡದ್ದು ಅದರಲ್ಲಿ ಕಂಡುಬಂತು. ಉತ್ತರಿಸಿದವರೆಲ್ಲರೂ ಮೊದಲೇ ಹೆಣಿಗೆಯನ್ನು ಪ್ರೀತಿಸುವವರಾದ್ದರಿಂದ ಇದನ್ನು ಔಷಧವೆಂದು ಸಾರಲಾಗದು. ರಕ್ತದೊತ್ತಡದ ಗುಳಿಗೆ ಬಿಟ್ಟು ಯಾರೂ ಕಡ್ಡಿ ಹಿಡಿಯಬಾರದು. ಆದರೂ ಮಕ್ಕಳು ಪುಣೆಗೋ ಬೆಂಗಳೂರಿಗೋ ಹೋದ ಮೇಲೆ ಒಂಟಿಯಾದ ತಾಯಂದಿರು ಅಕ್ಕನ ಬಳಗದಲ್ಲಿ ನಾಲ್ವರೊಡನೆ ಕುಳಿತು ಹೆಣೆಯತೊಡಗಿದಾಗ ಮುಖ ಅರಳುವುದನ್ನು ಕಂಡವರಿಗೆ ಸಮೀಕ್ಷೆಯ ಆಧಾರ ಬೇಕಿಲ್ಲ. ಇಪ್ಪತ್ತು ನಿಮಿಷಕ್ಕೊಮ್ಮೆ ಕಡ್ಡಿ ಕೆಳಗಿಟ್ಟು ಬೆರಳು, ಮಣಿಕಟ್ಟು, ಕುತ್ತಿಗೆ ಆಡಿಸಬೇಕು. ಹೆಬ್ಬೆರಳಿನ ಬುಡ ನೋಯುವವರು ದಪ್ಪ ಕಡ್ಡಿ, ದಪ್ಪ ದಾರ ಆರಿಸಿಕೊಳ್ಳಲಿ. ರಾತ್ರಿ ಕೈ ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ ಕೆಲವು ದಿನ ಬಿಟ್ಟು ವೈದ್ಯರನ್ನು ಕಾಣುವುದು ಒಳಿತು.

ಹೆಣೆಯಲು ಬಾರದವರಿಗೆ, ಮಕ್ಕಳಿಗೆ, ಗೊಂಡೆ ಇದೆ. ನಾಲ್ಕು ಬೆರಳಿಗೆ ನಲವತ್ತು ಸುತ್ತು ಸುತ್ತಿ, ನಡುವೆ ಬಿಗಿದು ಕಟ್ಟಿ, ಎರಡೂ ಬದಿ ಕತ್ತರಿಸಿದರೆ ಗೊಂಡೆಯಾಯಿತು. ಕಾರಹುಣ್ಣಿಮೆಗೆ ಎತ್ತಿನ ಕೊರಳಿಗೆ, ಬಾಗಿಲ ತೋರಣಕ್ಕೆ, ವಿಭೂತಿ ಗಟ್ಟಿ ಇಡುವ ಚಿಕ್ಕ ಚೀಲದ ತುದಿಗೆ ಅದು ಚೆಂದ. ಇಲ್ಲಿ ಆಕ್ರಿಲಿಕ್ ಆದರೂ ಅಡ್ಡಿಯಿಲ್ಲ.

ಬಾಣಂತಿಯರಿಗೆ ಕೊಡಬೇಕೆಂದಿರುವ ಟೊಪ್ಪಿಗೆಗಳನ್ನು ಸೌಮ್ಯ ಸೋಪಿನಲ್ಲಿ ತೊಳೆದು, ಪೂರ್ಣ ಒಣಗಿಸಿ, ಸ್ವಚ್ಛ ಬಟ್ಟೆಯಲ್ಲಿ ಸುತ್ತಿ ಕೊಡಿರಿ. ಆಸ್ಪತ್ರೆಗೆ ಒಯ್ಯುವುದಾದರೆ ಅಲ್ಲಿನ ದಾದಿಯರನ್ನು ಮೊದಲು ವಿಚಾರಿಸಿರಿ. ಮಕ್ಕಳ ವಿಭಾಗಕ್ಕೆ ಹೊರಗಿನ ಬಟ್ಟೆ ಬಿಡುವ ನಿಯಮ ಎಲ್ಲೆಡೆ ಒಂದೇ ಇರದು. ಇನ್ನೂ ಉಳಿದ ದಾರವನ್ನು ಮಳೆಗಾಲಕ್ಕೆ ಮುಂಚೆಯೇ ಬಿಸಿಲಿಗೆ ಹರಡಿ, ಒಣಗಿದ ಬೇವಿನೆಲೆಯೊಡನೆ ಮುಚ್ಚಳದ ಡಬ್ಬಿಯಲ್ಲಿಡಿ. ಖಾನಾಪುರದ ತೇವಕ್ಕೆ ಬರಿಯ ಗಂಟು ಕಟ್ಟಿಟ್ಟರೆ ಶ್ರಾವಣದ ಹೊತ್ತಿಗೆ ಬೂಸ್ಟು ಹಿಡಿದಿರುತ್ತದೆ.