ಸ್ವಿಚ್ಚಿಗೆ ಸ್ವರಜ್ಞಾನ ಬೇಕೇ?

‘ಒಂದು ಸ್ವಿಚ್ಚಿಗೆ ಎಂಬತ್ತೈದು ಸಾವಿರ ರೂಪಾಯಾ ಸಾರ್? ನಂಗೆ ಹೇಳಿದ್ರೆ ಮೂವತ್ತು ರೂಪಾಯ್‌ಗೆ ತಂದು ಹಾಕ್ತಿದ್ನಲ್ಲ’ ಎಂದು ನಮ್ಮೂರಿನ ವಯರಿಂಗ್ ಕೆಲಸದ ಹುಡುಗ ಗಾಬರಿಯಾದ. ಅವನ ಲೆಕ್ಕದಲ್ಲಿ ಸ್ವಿಚ್ ಎಂದರೆ ಗೋಡೆಯ ಮೇಲೆ ದೀಪ ಹೊತ್ತಿಸುವ ಗುಂಡಿ. ನಾನು ಹೇಳುತ್ತಿದ್ದುದು ನೆಟ್‌ವರ್ಕ್ ಸ್ವಿಚ್ ಎಂಬ ಬೇರೊಂದು ಪೆಟ್ಟಿಗೆಯ ವಿಷಯ. ಮನೆಯ ರೌಟರ್, ಕಂಪ್ಯೂಟರ್, ಸಂಗೀತ ನುಡಿಸುವ ಯಂತ್ರ ಇವುಗಳ ಕೇಬಲ್‌ಗಳೆಲ್ಲ ಬಂದು ಸೇರುವ, ಅಂಗೈ ಅಗಲದ ಒಂದು ಕೂಡುದಾಣ. ಅವನ ತಪ್ಪು ತಿಳಿವಳಿಕೆಗೆ ಆಗ ನಕ್ಕೆ. ಆದರೆ ಬೆಲೆಯ ಬಗೆಗಿನ ಅವನ ಗಾಬರಿಯೇ ಸರಿ ಎಂದು ಒಪ್ಪಿಕೊಳ್ಳಲು ನನಗೆ ಮೂರು ವಾರ ಹಿಡಿಯಿತು.

ಮಾಗಡಿ ತಾಲ್ಲೂಕಿನ ಕೆಂಪಾಪುರ, 2015ರಲ್ಲಿ ಕೆಂಪೇಗೌಡರ ಸಮಾಧಿಯನ್ನು ಗುರುತಿಸಿದ ನಂತರ ಪತ್ರಿಕೆಗಳ ಕಣ್ಣಿಗೆ ಬಿದ್ದ ಊರು. ನಿವೃತ್ತಿಯ ಬಳಿಕ ನಾವಿಬ್ಬರೂ ಇಲ್ಲಿನ ಹಳೆಯ ಮನೆಗೆ ಬಂದು ನೆಲೆಸಿದೆವು. ಹಿತ್ತಿಲಿನ ಕೊಟ್ಟಿಗೆಯಲ್ಲಿ ಈಗ ದನಗಳಿಲ್ಲ. ಅದನ್ನು ದುರಸ್ತಿ ಮಾಡಿಸಿ ಸಂಗೀತ ಕೇಳುವ ಕೋಣೆಯಾಗಿ ಮಾಡಿಕೊಂಡಿದ್ದೇವೆ. ನನ್ನ ಹೆಂಡತಿಗೆ ಕೆಲವು ವರ್ಷಗಳಿಂದ ದೃಷ್ಟಿ ಮಂದವಾಗುತ್ತ ಬಂದಿದೆ. ಓದು ನಿಂತ ಮೇಲೆ ಅವಳ ದಿನಕ್ಕೆ ಆಧಾರವಾಗಿರುವುದು ಸಂಗೀತ. ನಮ್ಮಲ್ಲಿದ್ದ ಸಿ.ಡಿ.ಗಳನ್ನೆಲ್ಲ ಹಜಾರದ ಪುಟ್ಟ ಕಂಪ್ಯೂಟರಿಗೆ ತುಂಬಿಸಿದ್ದೇವೆ. ಆಕಾಶವಾಣಿಯೂ ಈಗ ಅಂತರ್ಜಾಲದಲ್ಲೇ ಬರುತ್ತದೆ. ಇವೆರಡೂ ಅಂಗಳ ದಾಟಿ, ಸುಮಾರು ನಲವತ್ತು ಮೀಟರ್ ಉದ್ದದ ಕೇಬಲ್ ಮೂಲಕ ಕೊಟ್ಟಿಗೆ ಸೇರುತ್ತಿದ್ದವು.

ಕಳೆದ ಮೇ ತಿಂಗಳ ಒಂದು ಸಂಜೆ ಮಳೆಗೆ ಮುಂಚಿನ ಸಿಡಿಲು ತೋಟದ ತೆಂಗಿನ ಮರಕ್ಕೆ ಬಡಿಯಿತು. ಮರ ಉಳಿಯಿತು, ಸ್ವಿಚ್ ಸತ್ತಿತು. ಸದ್ಯಕ್ಕಿರಲಿ ಎಂದು ಮಾಗಡಿಯಿಂದ ಒಂದೂವರೆ ಸಾವಿರ ರೂಪಾಯಿಯ ಸಾಧಾರಣ ಸ್ವಿಚ್ ತಂದೆ. ‘ಒಳ್ಳೆಯದೊಂದನ್ನು’ ಕೊಳ್ಳುವ ಉದ್ದೇಶದಿಂದ ಬೆಂಗಳೂರಿನ ಆಡಿಯೊ ಅಂಗಡಿಯೊಂದಕ್ಕೆ ಹೋದೆ. ಅಲ್ಲಿನವರು ಬಹಳ ವಿನಯದಿಂದ ವಿವರಿಸಿದರು. ಸಾಧಾರಣ ಸ್ವಿಚ್ಚು ಸಂಗೀತವನ್ನು ‘ಒರಟು’ ಮಾಡುತ್ತದೆ. ಆಡಿಯೊಗೆಂದೇ ತಯಾರಾದ ಸ್ವಿಚ್ಚಿನಲ್ಲಿ ನಿಖರವಾದ ಗಡಿಯಾರವಿದೆ, ತಂಬೂರಿಯ ನಾದ ಕೊನೆಯವರೆಗೂ ಉಳಿಯುತ್ತದೆ. ಬೆಲೆ ಎಂಬತ್ತೈದು ಸಾವಿರ. ‘ಮುಂಗಡ ಕಟ್ಟಿ ಒಂದು ವಾರ ಮನೆಯಲ್ಲಿಟ್ಟು ಕೇಳಿ ನೋಡಿ’ ಎಂದರು. ತಂದೆ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದವನಿಗೆ ಇಲ್ಲಿಯೇ ಎಚ್ಚರವಾಗಬೇಕಿತ್ತು. ಕೊಳ್ಳುವವನಿಗೆ ಗೊತ್ತಿಲ್ಲದ ಸಂಗತಿ ಮಾರುವವನಿಗೆ ಗೊತ್ತಿದ್ದರೆ ಮಾರುಕಟ್ಟೆ ಹೇಗೆ ಕೆಡುತ್ತದೆ ಎಂಬುದನ್ನು ಜಾರ್ಜ್ ಅಕೆರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಉದಾಹರಣೆಯಿಂದ ತೋರಿಸಿಕೊಟ್ಟರು. 2001ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು. ಮೈಕೆಲ್ ಡಾರ್ಬಿ ಮತ್ತು ಎಡಿ ಕಾರ್ನಿ 1973ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಕೆಲವು ಸರಕು, ಸೇವೆಗಳ ಗುಣವನ್ನು ಕೊಂಡು ಬಳಸಿದ ಮೇಲೂ ತಿಳಿಯಲಾಗದು; ನಂಬಿಕೆಯೊಂದೇ ಗತಿ ಎಂದರು. ಇನ್ನು ಬೆಲೆ ಹೆಚ್ಚಿದಷ್ಟೂ ಆಕರ್ಷಣೆ ಹೆಚ್ಚುವ ವಸ್ತುಗಳ ಬಗ್ಗೆ 1899ರಲ್ಲೇ ಬರೆದ ಥಾರ್ಸ್ಟೀನ್ ವೆಬ್ಲೆನ್ ಇದ್ದೇ ಇದ್ದಾರೆ. ಈ ಮೂರೂ ಪಾಠಗಳಿಗೆ ಉದಾಹರಣೆಯಾಗಬಲ್ಲ ಪೆಟ್ಟಿಗೆಯೊಂದು ನಮ್ಮ ಕೊಟ್ಟಿಗೆಯಲ್ಲಿ ಬಂದು ಕುಳಿತಿತ್ತು.

ಹಾಗೆಂದು ಇಂತಹ ನಂಬಿಕೆ ಮೂರ್ಖತನದಿಂದ ಹುಟ್ಟಿದ್ದಲ್ಲ. ಮೈಸೂರಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ಯನ್ನು ಆರಂಭಿಸಿದ ಕಾಲದಿಂದ ಕ್ಯಾಸೆಟ್ಟಿನ ಕಾಲದವರೆಗೆ, ಧ್ವನಿ ಹಾದುಬರುವ ದಾರಿಯ ಪ್ರತಿಯೊಂದು ಬೆಸುಗೆಯೂ ಧ್ವನಿಯ ಮೇಲೆ ತನ್ನ ಗುರುತು ಬಿಡುತ್ತಿತ್ತು. ಏರಿಯಲ್ ಸರಿಯಿಲ್ಲದಿದ್ದರೆ ಕರಕರ ಸದ್ದು. ಟೇಪು ಸವೆದರೆ ಹಾಡೇ ಸವೆಯುತ್ತಿತ್ತು. ಒಳ್ಳೆಯ ಸಲಕರಣೆಗೆ ಒಳ್ಳೆಯ ನಾದ ಎಂಬುದು ನಮ್ಮ ಪೀಳಿಗೆ ಅನುಭವದಿಂದ ಕಲಿತ ಪಾಠ. ಆ ಪಾಠವನ್ನು ಅದು ಅನ್ವಯಿಸದ ಕಡೆಗೂ ಕೊಂಡೊಯ್ಯುತ್ತಿದ್ದೇವೆ ಎಂಬುದಷ್ಟೇ ತೊಡಕು.

ಏಕೆಂದರೆ ಸ್ವಿಚ್ಚಿನ ಮೂಲಕ ಹೋಗುವುದು ನಾದವಲ್ಲ, ಅಂಕಿಗಳು. ಒಂದು ಹಾಡಿನ ಅಂಕಿಗಳನ್ನು ಹೆಚ್ಚೆಂದರೆ 1,500 ಬೈಟ್ ಹಿಡಿಸುವ ಸಣ್ಣ ಸಣ್ಣ ಪೊಟ್ಟಣಗಳಾಗಿ ಕಟ್ಟಿ ಕಳುಹಿಸಲಾಗುತ್ತದೆ. ಪ್ರತಿ ಪೊಟ್ಟಣದ ಕೊನೆಯಲ್ಲಿ ತಾಳೆ ನೋಡಲು ನಾಲ್ಕು ಬೈಟ್‌ಗಳ ಒಂದು ಸಂಖ್ಯೆ ಇರುತ್ತದೆ. ತಾಳೆಯಾಗದ ಪೊಟ್ಟಣವನ್ನು ಎಸೆಯಲಾಗುತ್ತದೆ. ಮನೆಯ ಸಂಗೀತದಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವ ಪದ್ಧತಿಯಂತೆ ಅದನ್ನು ಮತ್ತೆ ತರಿಸಿಕೊಳ್ಳಲಾಗುತ್ತದೆ. 2025ರಲ್ಲಿ ಸ್ಪೀಡ್ ಪೋಸ್ಟ್‌ನಲ್ಲಿ ವಿಲೀನವಾದ ನಮ್ಮ ರಿಜಿಸ್ಟರ್ಡ್ ಅಂಚೆಯನ್ನು ನೆನಪಿಸಿಕೊಳ್ಳಿ. ಸ್ವೀಕೃತಿ ಪತ್ರ ಬಾರದಿದ್ದರೆ ಇನ್ನೊಂದು ಪ್ರತಿ ಕಳುಹಿಸುತ್ತಿದ್ದೆವು. ಅಂಚೆಯಣ್ಣ ಹೊಸ ಸೈಕಲ್ಲಿನಲ್ಲಿ ಬಂದರೆ ಕಾಗದದ ಕೈಬರಹ ಚೆಂದವಾಗುವುದಿಲ್ಲ. ಬಂದ ಪೊಟ್ಟಣಗಳನ್ನು ಸಂಗೀತದ ಯಂತ್ರ ಮೊದಲು ತನ್ನ ಉಗ್ರಾಣದಲ್ಲಿ ತುಂಬಿಕೊಂಡು, ಅನಂತರ ತನ್ನದೇ ಗಡಿಯಾರದ ಪ್ರಕಾರ ನುಡಿಸುತ್ತದೆ. ಇದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಹಾಡು ನಡೆಯುತ್ತಿರುವಾಗ ಕೇಬಲ್ ಕಿತ್ತುಬಿಡಿ. ನಮ್ಮ ಯಂತ್ರದಲ್ಲಂತೂ ಹಾಡು ಸ್ವಲ್ಪ ಹೊತ್ತು ಏನೂ ಆಗದಂತೆ ಮುಂದುವರಿಯುತ್ತದೆ. ಆ ಹೊತ್ತಿನಲ್ಲಿ ನೀವು ಕೇಳುತ್ತಿರುವುದು ಯಾವ ಸ್ವಿಚ್ಚಿನ ಸಂಗೀತ?

ಸಾಮರ್ಥ್ಯದ ಲೆಕ್ಕವೂ ಸರಳ. ಸಿ.ಡಿ. ಗುಣಮಟ್ಟದ ಸಂಗೀತವೆಂದರೆ ಸೆಕೆಂಡಿಗೆ 44,100 ಮಾದರಿ, ಪ್ರತಿಯೊಂದಕ್ಕೂ 16 ಬಿಟ್, ಎರಡು ಕಿವಿಗೆ ಎರಡು ಪಟ್ಟು. ಒಟ್ಟು 14,11,200 ಬಿಟ್. ಅತ್ಯುನ್ನತವೆಂದು ಮಾರಾಟವಾಗುವ 24 ಬಿಟ್, 192 ಕಿಲೋಹರ್ಟ್ಸ್ ಧ್ವನಿಮುದ್ರಿಕೆಗೂ ಬೇಕಿರುವುದು 92,16,000 ಬಿಟ್. ಹಳೆಯ ಮಾದರಿಯ ಸ್ವಿಚ್ಚೇ ಸೆಕೆಂಡಿಗೆ 10 ಕೋಟಿ ಬಿಟ್ ಸಾಗಿಸಬಲ್ಲದು. ಈಗ ಸಾಮಾನ್ಯವಾಗಿರುವ ಗಿಗಾಬಿಟ್ ಸ್ವಿಚ್ 100 ಕೋಟಿ. ನಾಲ್ಕು ಪಥದ ಹೆದ್ದಾರಿಯಲ್ಲಿ ಒಂದು ಎತ್ತಿನ ಗಾಡಿ ಸಾಗಿದಂತೆ.

ಮಾರುವವರ ವಾದದಲ್ಲಿ ಹುರುಳಿರುವ ಒಂದು ಅಂಶವನ್ನು ಮರೆಮಾಚಬಾರದು. ಕೇಬಲ್ ಅಂಕಿಗಳ ಜೊತೆಗೆ ವಿದ್ಯುತ್ತಿನ ಗೊಂದಲವನ್ನೂ ಹೊತ್ತು ತರಬಲ್ಲದು. ಸಾಮಾನ್ಯ ಸ್ವಿಚ್ಚಿನ ಪ್ರತಿ ಬಾಗಿಲಿನಲ್ಲೂ ಪುಟ್ಟ ಟ್ರಾನ್ಸ್‌ಫಾರ್ಮರ್ ಇದ್ದು ಎರಡು ಯಂತ್ರಗಳ ವಿದ್ಯುತ್ತನ್ನು ಬೇರ್ಪಡಿಸುತ್ತದೆ. ಆದರೆ ಲೋಹದ ಹೊದಿಕೆಯ ದುಬಾರಿ ಕೇಬಲ್ ಹಾಕಿದರೆ, ಆ ಹೊದಿಕೆಯೇ ಎರಡೂ ಕಡೆಯ ಅರ್ಥಿಂಗನ್ನು ಜೋಡಿಸಿ ಸ್ಪೀಕರಿನಲ್ಲಿ ‘ಹಂ’ ಎಂಬ ಸದ್ದು ತರಬಹುದು. ಇದಕ್ಕೆ ಮದ್ದು ಎಂಬತ್ತೈದು ಸಾವಿರದ ಪೆಟ್ಟಿಗೆಯಲ್ಲ. ಹೊದಿಕೆಯಿಲ್ಲದ ಅಗ್ಗದ ಕೇಬಲ್ ಮತ್ತು ಮನೆಗೆ ಸರಿಯಾದ ಅರ್ಥಿಂಗ್. ಹಲವು ಯಂತ್ರಗಳು ಒಂದೇ ಗಡಿಯಾರಕ್ಕೆ ಹೊಂದಿಕೊಂಡು ಆ ಕ್ಷಣದಲ್ಲೇ ನುಡಿಯಬೇಕಾದ ಸ್ಟುಡಿಯೊ, ಸಭಾಂಗಣಗಳ ಅಗತ್ಯ ಬೇರೆ. ನಮ್ಮ ಕೊಟ್ಟಿಗೆ ಸಭಾಂಗಣವಲ್ಲ.

ಇಷ್ಟೆಲ್ಲ ತಿಳಿದೂ ನನಗೆ ವ್ಯತ್ಯಾಸ ಕೇಳಿಸಿತು ಎಂಬುದನ್ನು ಒಪ್ಪಿಕೊಳ್ಳಬೇಕು. ದುಬಾರಿ ಸ್ವಿಚ್ ಜೋಡಿಸಿದ ಸಂಜೆ ವೀಣೆಯ ಮೀಟು ಹಿಂದೆಂದಿಗಿಂತ ಸ್ಪಷ್ಟವಾಗಿದೆ ಎಂದು ನನಗೆ ನಿಜವಾಗಿಯೂ ಅನ್ನಿಸಿತ್ತು. ಅರವತ್ತು ದಾಟಿದವರಲ್ಲಿ ಬಹುಮಂದಿಗೆ ಮೇಲಿನ ಕಂಪನಗಳು ಕೇಳಿಸುವುದೇ ಕಷ್ಟವೆಂದು ಓದಿದ್ದರೂ ಹಾಗೆನ್ನಿಸಿತು. ರಜೆಗೆ ಬಂದಿದ್ದ ತಮ್ಮನ ಮಗ, ‘ದೊಡ್ಡಪ್ಪ, ನಿಮಗೆ ಯಾವ್ದು ಓಡ್ತಿದೆ ಅಂತ ಗೊತ್ತಿದೆ. ದೊಡ್ಡಮ್ಮನ್ನ ಕೇಳೋಣ’ ಎಂದ. ಎರಡೂ ಸ್ವಿಚ್ಚುಗಳನ್ನು ಪರದೆಯ ಹಿಂದಿಟ್ಟು, ನಾಣ್ಯ ಚಿಮ್ಮಿ ಬಿದ್ದಂತೆ ಒಂದನ್ನು ಜೋಡಿಸಿ, ಹನ್ನೆರಡು ಬಾರಿ ಅದೇ ಆಲಾಪನೆಯನ್ನು ಕೇಳಿಸಿದ. ನನ್ನನ್ನು ಹೊರಗೆ ಕಳುಹಿಸಿದ್ದ. ನಲವತ್ತು ವರ್ಷಗಳಿಂದ ಶ್ರುತಿ ತಪ್ಪಿದ್ದನ್ನು ಪಕ್ಕದ ಕೋಣೆಯಿಂದಲೇ ಹಿಡಿಯುವ ಅವಳು ಏಳು ಬಾರಿ ಸರಿ ಹೇಳಿದಳು, ಐದು ಬಾರಿ ತಪ್ಪು. ಕಣ್ಣು ಮುಚ್ಚಿ ಊಹಿಸಿದರೂ ಸರಾಸರಿ ಆರು ಸರಿಯಾಗುತ್ತವೆ. ಹನ್ನೆರಡು ಸಲದ ಪರೀಕ್ಷೆ ವಿಜ್ಞಾನಕ್ಕೆ ಸಾಲದು. ನಮ್ಮ ಪಿಂಚಣಿ ಹಣದ ತೀರ್ಮಾನಕ್ಕೆ ಸಾಕು.

ಕೊನೆಗೆ ನಾನು ಸೇವೆಯಲ್ಲಿ ಕಲಿತ ಕ್ರಮಕ್ಕೇ ಮರಳಿದೆ. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ 1999 ಬಂದ ಮೇಲೆ ಎರಡು ಲಕೋಟೆಯ ಟೆಂಡರುಗಳನ್ನು ಎಷ್ಟೋ ನೋಡಿದ್ದೇನೆ. ಮೊದಲು ತಾಂತ್ರಿಕ ಲಕೋಟೆ: ಅಗತ್ಯವೇನು, ಅದನ್ನು ಪೂರೈಸುತ್ತದೆಯೇ? ಅದರಲ್ಲಿ ತೇರ್ಗಡೆಯಾದವರ ಬೆಲೆಯ ಲಕೋಟೆಯನ್ನಷ್ಟೇ ತೆರೆಯಬೇಕು. ಟೆಂಡರು ಕೆಡುವುದು ಬಹಳ ಸಲ ಅಗತ್ಯದ ಪಟ್ಟಿಯಲ್ಲೇ. ಒಬ್ಬನ ಸರಕಿಗೆ ಮಾತ್ರ ಹೊಂದುವ ಷರತ್ತೊಂದನ್ನು ಯಾರೋ ಮೆಲ್ಲಗೆ ಸೇರಿಸಿರುತ್ತಾರೆ. ‘ನಿಖರವಾದ ಗಡಿಯಾರ’ ಅಂಥದೇ ಷರತ್ತಾಗಿತ್ತು.

ನಮ್ಮ ನಿಜವಾದ ಅಗತ್ಯಗಳನ್ನು ಬರೆದೆ. ಗಿಗಾಬಿಟ್ ವೇಗ, ಐದು ಬಾಗಿಲು. ಸದ್ದು ಮಾಡುವ ಫ್ಯಾನ್ ಇರಬಾರದು. ಅಡಾಪ್ಟರಿನ ಮೇಲೆ ಭಾರತೀಯ ಮಾನಕ ಬ್ಯೂರೋದ ನೋಂದಣಿ ಗುರುತು. ಕೆಟ್ಟರೆ ಹತ್ತಿರದಲ್ಲೇ ಬದಲಿ. ಕೊನೆಯದು, ಮೊದಲೇ ಹೊಳೆಯಬೇಕಾಗಿದ್ದದ್ದು: ಸಿಡಿಲು. ಎರಡು ಕಟ್ಟಡಗಳ ನಡುವೆ ತಾಮ್ರದ ಕೇಬಲ್ ಎಳೆದದ್ದೇ ನನ್ನ ಮೂಲ ತಪ್ಪು. ಅದು ಸ್ವಿಚ್ಚನ್ನಷ್ಟೇ ಕೊಂದದ್ದು ನಮ್ಮ ಪುಣ್ಯ. ಆ ಹೊತ್ತಿನಲ್ಲಿ ಯಂತ್ರದ ಗುಂಡಿಯನ್ನು ಹುಡುಕುತ್ತ ಅವಳ ಕೈ ಅಲ್ಲಿಯೇ ಇರಬಹುದಿತ್ತು. ಎಂಬತ್ತೈದು ಸಾವಿರದ ಪೆಟ್ಟಿಗೆಯನ್ನು ಅದೇ ತಾಮ್ರದ ತುದಿಗೆ ಜೋಡಿಸಿದ್ದರೆ ಮುಂದಿನ ಸಿಡಿಲಿಗೆ ಅದೂ ಬಲಿಯಾಗುತ್ತಿತ್ತು.

ಈಗ ಅಂಗಳದಲ್ಲಿ ಲೋಹದ ಎಳೆಯೇ ಇಲ್ಲದ ಆಪ್ಟಿಕಲ್ ಫೈಬರ್ ಕೇಬಲ್ ಇದೆ. ಎರಡೂ ತುದಿಯಲ್ಲಿ ಮೀಡಿಯಾ ಕನ್ವರ್ಟರ್ ಎಂಬ ಪುಟ್ಟ ಪೆಟ್ಟಿಗೆಗಳು. ಗಾಜಿನ ಎಳೆಯಲ್ಲಿ ಬೆಳಕು ಹರಿಯುತ್ತದೆ, ವಿದ್ಯುತ್ತು ಹರಿಯುವುದಿಲ್ಲ. ಮಾಗಡಿಯ ಸ್ವಿಚ್ಚೂ ಸೇರಿ ನಮಗೆ ತಗುಲಿದ ವೆಚ್ಚ ಆರು ಸಾವಿರ ರೂಪಾಯಿಯ ಒಳಗೆ. ದುಬಾರಿ ಪೆಟ್ಟಿಗೆಯನ್ನು ಹಿಂತಿರುಗಿಸಿದಾಗ ಅಂಗಡಿಯವರು ಮುಂಗಡವನ್ನು ಮರುಮಾತಿಲ್ಲದೆ ಕೊಟ್ಟರು. ವಾಪಸಾತಿಯ ಷರತ್ತನ್ನು ಮೊದಲೇ ಬರೆಸಿಕೊಂಡಿದ್ದೆ. ಓದುಗರೂ ಹಾಗೆಯೇ ಮಾಡುವುದು ಒಳಿತು.

ಅಷ್ಟು ಹಣ ಸುರಿಯಲು ನಾನೇಕೆ ಸಿದ್ಧನಾಗಿದ್ದೆ ಎಂದು ಆಮೇಲೆ ಯೋಚಿಸಿದೆ. ಸೇವೆಯ ವರ್ಷಗಳಲ್ಲಿ ಅವಳು ಕಛೇರಿಗಳಿಗೆ ಒಬ್ಬಳೇ ಹೋಗಿ ಬರುತ್ತಿದ್ದಳು. ನನಗೆ ಯಾವಾಗಲೂ ಸಭೆ, ಪ್ರವಾಸ, ಕಡತ. ಆ ಬಾಕಿಯನ್ನು ಒಂದು ಪೆಟ್ಟಿಗೆ ಕೊಂಡು ತೀರಿಸಬಹುದೆಂಬ ಆಸೆ ಒಳಗೆಲ್ಲೋ ಇದ್ದಿರಬೇಕು. ಮಾರುವವರು ಗುರುತಿಸುವುದು ಇಂತಹ ಆಸೆಗಳನ್ನೇ. ಪರೀಕ್ಷೆ ಮುಗಿದ ಸಂಜೆ ಫಲಿತಾಂಶವನ್ನು ಅವಳಿಗೆ ವಿವರಿಸಲು ಹೊರಟೆ. ‘ಏಳೋ ಐದೋ, ಎರಡೂ ಚೆನ್ನಾಗೇ ಇತ್ತು ಕಣ್ರೀ. ಲೆಕ್ಕ ಸಾಕು, ಬಂದು ಕೂತ್ಕೊಳ್ಳಿ’ ಎಂದಳು. ಈಗ ದಿನವೂ ಸಂಜೆ ಒಂದು ಗಂಟೆ ಅವಳ ಪಕ್ಕ ಕುಳಿತು ಕೇಳುತ್ತಿದ್ದೇನೆ.